ಮೂರನೇ ಕಾಲಮ್ಮು

ಹಸಿರು ರಟ್ಟಿನ ಈ ನೋಟಬುಕ್ಕು
ಬೆಟಗೇರಿ ಪ್ರೆಸ್ಸಿನ ಹಿಂದಿನ ಖೋಲಿಯೊಳಗ
ಮಸಿ ಡಬ್ಬಿ ಇಡೂ ಮಾಡದಾಗ ಇಪ್ಪತ್ತೊಂಬತ್ತ ವರ್ಷ ಇತ್ತು.
ಒಂದ ಮೂಲಿ ಇಲಿ ತಿಂದದ. ಉಳದದ್ದು ಪೂರಾ ಅದ.

ಎಡಕ್ಕ ಇಂಗ್ಲಿಷು, ನಡುವ ಸ್ಲೊವಾಕು,
ಕೆಳಗ, ಹೆಂಗ ಬಳಸಬೇಕು ಅನ್ನೂದಕ್ಕ ಒಂದೊಂದು ಇಂಗ್ಲಿಷ್ ವಾಕ್ಯ.
ವಾಟರ್, ವೊದಾ. ನೀರು ತಣ್ಣಗದ.
ಸಾಲ್ಟ್, ಸೊಲ್. ಮನಿಯೊಳಗ ಉಪ್ಪು ತೀರ್ಯದ.
ಸಿಸ್ಟರ್, ಸೆಸ್ತ್ರಾ. ನನ್ನ ತಂಗಿ ಪತ್ರಾ ಬರದಿಲ್ಲ.
ಬುಕ್ಕಿನಿಂದ ಇಳಿಸಿದ ವಾಕ್ಯ ಅಲ್ಲ ಇವು.
ಅಂವನ ಮನಿ ಬಾಗಲಾ ಅರ್ಧಾ ತೆಗದಂಗ ಇದ್ದವು.

ಹೊಸಾ ಆಫ್‌ಸೆಟ್ ಮಷಿನ್ ಕೂಡಸಾಕ ಬಂದಿದ್ದ.
ಹೆಸರು ವೊಯ್ಟೆಖ್. ನಮ್ಮ ಬಾಯಿ ತಿರುಗಲಿಲ್ಲ,
ಎರಡನೇ ದಿನಕ್ಕ ವೈಕುಂಠ ಆದ.
ಹಗಲೆಲ್ಲಾ ಪಾನಾ ಹಿಡದು ಮಷಿನ್ನಿನ ಹೊಟ್ಟಿ ಕೆಳಗ,
ರಾತ್ರಿ ಟೇಶನ್ ರೋಡಿನ ಲಾಜಿನ್ಯಾಗ ಇಂಗ್ಲಿಷು ಬಾಯಿಪಾಠ.
ಆನೊ ಅಂದ್ರ ಅಂವನ ಭಾಷಾದಾಗ ಹೌದು.
ನಮಗದು ‘ಅನ್ನೋ’ ಅಂದಂಗ ಕೇಳಿ
ಏನ್ ಅನ್ಲಿ, ಏನ್ ಅನ್ಲಿ ಅಂತ ಎದುರಿಗೆ ನಿಂತಿರ್ತಿದ್ವಿ.

ಒಂದ ಮಧ್ಯಾಹ್ನ ಖಡಕ್ ರೊಟ್ಟಿ ಮುರದು ಕೊಟ್ಟೆ.
ಕಚ್ಚಿದ. ಕಣ್ಣ ಅರಳಿಸಿದ. ಬುಕ್ಕ ತಗದ.
ಆರ್ ಪುಟದ ತಳದಾಗ, ಇಂಗ್ಲಿಷಿನ ಸಾಲಿನ್ಯಾಗ ತಾನ ಬರದ:
ರೊಟ್ಟಿ, ಖ್ಲ್ಯೆಬ್. ರೊಟ್ಟಿ ಸಪ್ಪಳ ಮಾಡ್ತದ.
ಅದು ಇಂಗ್ಲಿಷಲ್ಲ ಅಂತ ನಾ ಹೇಳಲಿಲ್ಲ.

ಹಾಳಿ ತಿರುವ್ಯಾಡಿ ನಾನೂ ಒಂದಿಷ್ಟ ಕಲ್ತೆ.
ಹ್ಯಾಂಡ್, ಆರ್ಮ್. ಎರಡರ ಮುಂದೂ ರುಕಾ.
ಫುಟ್, ಲೆಗ್. ಎರಡಕ್ಕೂ ನೊಹಾ.
ನಮ್ಮಲ್ಲೂ ಹಂಗ ಅಲ್ಲ, ಭುಜದಿಂದ ಉಗುರ ತನಕ ಕೈ,
ತೊಡಿಯಿಂದ ಹಿಮ್ಮಡ ತನಕ ಕಾಲು.
ಇಂಗ್ಲಿಷಿನಂವ ಮಾತ್ರ ಕಟುಕರ ಅಂಗಡ್ಯಾಗಿನಂಗ
ಮೈಗೆ ಭಾಳ ತುಂಡು ಹಾಕ್ಯಾನ.
ಅಂವನ ತಪ್ಪಿಸಿ ನಾವಿಬ್ಬರೂ
ಹಿತ್ತಲ ಬಾಗಲದಾಗ ಭೆಟ್ಟಿ ಆದಂಗಾತು.

ಫಿಂಗರ್, ಟೋ. ಎರಡೂ ಪ್ರ್‌ಸ್ತ್.
ನಮಗೂ ಎರಡೂ ಬೆರಳ.
ಆದ್ರ ಈ ಪ್ರ್‌ಸ್ತಿನ್ಯಾಗ ಸ್ವರ ಎಲ್ಲೆದ?
ಮೊಳಿ ಜೋಡಿಸಿ ಜೋಡಿಸಿ ಮೀಸಿ ಬಂದಂವ ನಾನು,
ಇಂಥಾ ಒತ್ತು ನನ್ನ ಕೇಸಿನ್ಯಾಗ ಇರಲೇ ಇಲ್ಲ.
ಉಸರ ಬಿಡಾಕ ಜಾಗಾ ಇಲ್ಲದ ಶಬ್ದ.

ಹದಿನೇಳನೇ ದಿನ, ಅಮಾಸಿ ಪೂಜಾ ಮುಗದಿತ್ತು,
ಕಟಿಂಗ್ ಮಷಿನ್ನಿನ ಅಲಗಿಗೆ ಕುಂಕುಮ ಇನ್ನೂ ಹಸೀ ಇತ್ತು.
ಲಗ್ನಪತ್ರಿಕಿ ಕಟ್ಟು ಸರಿ ಮಾಡಾಕ ಕೈ ಹಾಕಿದೆ.
ಎಡಗೈ, ಕಿರುಬೆರಳ.

ವೈಕುಂಠ ಮಷಿನ್ ಹಾರಿ ಬಂದ.
ತನ್ನ ಅಂಗಿ ತೋಳ ಹರದು ಸುತ್ತಿದ, ಒತ್ತಿ ಹಿಡದ.
ಇಡೀ ನೋಟಬುಕ್ಕಿನ ಇಂಗ್ಲಿಷು ಎಲ್ಲೋ ಬಿದ್ದು ಹೋಗಿತ್ತು.
ಪ್ರ್‌ಸ್ತ್, ಪ್ರ್‌ಸ್ತ್ ಅಂತ ಚೀರಿದ.
ಬೈಂಡಿಂಗಿನ ಹೊಳೆವ್ವ, ಮಸಿ ಬಳಿಯೂ ಹುಡುಗ,
ಬಾಗಲದಾಗ ಟಾಂಗಾದಾಂವ, ಎಲ್ಲಾರಿಗೂ ತಿಳೀತು.
ಒಬ್ಬರೂ ಅರ್ಥಾ ಕೇಳಲಿಲ್ಲ.

ಹೋಗೂ ಮುಂದ ಬುಕ್ಕ ನನ್ನ ಕೈಯಾಗಿಟ್ಟ.
ಗುಂತಕಲ್ ಗಾಡಿ ಅಲ್ಲಾಡಿತು. ಥ್ಯಾಂಕ್ ಯೂ ಅಂದ.

ಈಗ ಆ ಮಷಿನ್ನು ಗುಜರಿಗೆ ಹೋತು, ಬಿಡುವದ.
ಬಲಕ್ಕ ಗೆರಿ ಎಳದು ಮೂರನೇ ಕಾಲಮ್ಮು ಬರಿಯಾಕ ಹತ್ತೇನಿ.
ನೀರು, ಉಪ್ಪು, ತಂಗಿ, ಬೆರಳ.
ವಾಯ್ ಪುಟಕ್ಕ ಬಂದು ನಿಂತೇನಿ.
ಯೂ. ಅದರ ಮುಂದ ಅಂವ ಎರಡ ಬರದಾನ, ತಿ ಮತ್ತ ವಿ.
ನೀ ಮತ್ತ ನೀವು.
ಅವ್ವಗ ನೀ ಅಂತೀವಿ, ದೇವರಿಗೂ ನೀ,
ಸಾವಕಾರಗ ನೀವು.

ಅಂದು ಕಿಡಕ್ಯಾಗಿಂದ ಅಂವ ಅಂದದ್ದು ಯಾವದು?
ಗಾಡಿ ಸಪ್ಪಳದಾಗ ಇಂಗ್ಲಿಷು ಅದನ್ನ ನುಂಗಿಬಿಟ್ಟಿತು.
ಪೆನ್ಸಿಲ್ಲಿನಿಂದ ‘ನೀ’ ಅಂತ ಬರದೇನಿ,
ಅಳಸಾಕ ಬರೂವಂಗ, ಸಣ್ಣಗ.