ಧ ಒತ್ತು

ಹತ್ತನೇ ಇಯತ್ತೆ ಗೈಡು, ಇತಿಹಾಸ, ಪುಟ ನಲವತ್ತೊಂದು:
‘ಮೊದಲನೇ ಮಹಾಯುದ್ಧಕ್ಕೆ ಕಾರಣಗಳನ್ನು ವಿವರಿಸಿ.’
ಗದಗಿನ ಹೊಂಬಳಿಯವರ ಪ್ರೆಸ್ಸಿನೊಳಗ
ಹದಿನಾರು ವರ್ಷ ಈ ಪ್ರಶ್ನೆಗೆ ನಾ ಮೊಳಿ ಜೋಡಿಸೇನಿ,
ಎಡದಿಂದ ಬಲಕ್ಕ, ಆದರ ತಲಿಕೆಳಗ.

ಗುಪ್ತ ಒಪ್ಪಂದ, ತೋಪಿನ ಪೈಪೋಟಿ, ವಸಾಹತಿನ ಹಸಿವು,
ಕೊನಿಗೆ ‘ತಕ್ಷಣದ ಕಾರಣ’: ಯಾವುದೋ ಊರಾಗ ಒಬ್ಬ ಯುವರಾಜ,
ಒಂದು ಮೋಟಾರು, ತಪ್ಪಿದ ಒಂದು ತಿರುವು.
ಅಷ್ಟರಾಗ ಧ ಒತ್ತು ಮುಗೀತು.
‘ಯುದ’ ಅಂತ ಇಟ್ಟು ಕೂತೆ, ಕೆಳಗ ಕೊಡಾಕ ಏನೂ ಇಲ್ಲ.
ಖಾನಿಯೊಳಗ ಬೆರಳಿಟ್ಟರ ಬರೇ ಕಟ್ಟಿಗಿ.
ಎಷ್ಟು ಯುದ್ಧ ಮಾಡ್ಯಾರೋ ಮಾರಾಯಾ, ಒಂದ ಪುಟದಾಗ!

ಕಟ್ಟಿಟ್ಟ ಪಂಚಾಂಗದ ಫಾರ್ಮು ಬಿಚ್ಚಿದೆ.
ಸಿದ್ಧಾರೂಢದಿಂದ ಒಂದು ಒತ್ತು ಕಿತ್ತೆ,
ವೃದ್ಧಿ ಯೋಗದಿಂದ ಒಂದು, ಶುದ್ಧ ಪಂಚಮಿಯಿಂದ ಇನ್ನೊಂದು.
ಎಲ್ಲಾ ಹೋಗಿ ಯುದ್ಧಕ್ಕ ಸೇರಿದವು.
ಒಲ್ಲೆ ಅನ್ನೋ ಮೊಳಿ ನಾ ಕಂಡಿಲ್ಲ.

ಮುಂದಿನ ಪ್ರಶ್ನೆ, ಐದು ಅಂಕ:
‘ತಟಸ್ಥವಾಗಿದ್ದ ಅಮೆರಿಕವು ಯುದ್ಧವನ್ನು ಪ್ರವೇಶಿಸಿದ್ದೇಕೆ?’
ತಟಸ್ಥ. ದೀಪಕ್ಕ ಹಿಡಿದು ನೋಡಿದೆ.
ದಂಡಿ ಮ್ಯಾಲ ನಿಂತಾವ.
ಅಂದ್ರ ಎದುರಿಗೆ ನೀರದ, ನೀರಾಗ ಮಂದಿ ಅದಾರ,
ಇಂವ ಅವರ ಅರಿವಿ ಚಪ್ಪಲಿ ಕಾಯಾಕತ್ತಾನ,
ಕಾದಿದ್ದಕ್ಕ ಬಾಡಿಗಿ ಹಿಡಿಯಾಕತ್ತಾನ.

ಬೆಟಗೇರಿಯ ನನ್ನ ಆಯಿ, ನೇಕಾರ ಮನಿಯಾಕಿ,
ಜರ್ಮನಿ ಅಂದ್ರ ಒಂದು ಡಬ್ಬಿ ಅಂತ ತಿಳಿದಿದ್ಲು.
ಕೆಂಪು ಬಣ್ಣದ್ದು, ಮುಚ್ಚಳದ ಮ್ಯಾಲ ಹುಲಿ.
ಆಕಿ ಮದಿವ್ಯಾದ ವರ್ಷ ಡಬ್ಬಿ ಬರೋದು ನಿಂತವು.
‘ಅವರ ಜಗಳ ಅವರಿಗೆ’ ಅಂದಿತ್ತಂತ ಓಣಿ.
ಆ ಸಲದ ಸೆರಗು ಮಾತ್ರ ಕೆಂಪಾಗಲಿಲ್ಲ,
ಒಣಗಿದ ಇಟ್ಟಂಗಿ ಬಣ್ಣ. ಅದನ್ನ ಉಟ್ಟಕೊಂಡ
ಆಯಿ ಮೂರು ಹಡೆದಳು.

ಈ ಗೈಡು ಕಟ್ಟೋ ಹೊತ್ತಿನಾಗ
ಪ್ರೆಸ್ಸಿನ ಪಾಲುದಾರರು ಒಡೆದರು.
ಕೊಟ್ರಬಸಪ್ಪ, ರಾಚಪ್ಪ, ಅಣ್ಣತಮ್ಮಂದಿರ ಮಕ್ಕಳು.
ಟ್ರೆಡಲ್ ಮಶೀನು ಯಾರದು, ಉಯಿಲಿನ ಸಹಿ ಯಾರದು,
ಇಪ್ಪತ್ತು ವರ್ಷದ ಕಾರಣ ಇದ್ದವು ಬಿಡ್ರಿ;
ತಕ್ಷಣದ್ದು, ಕಿವಿ ಮುರಿದ ಒಂದು ಚಹಾದ ಕಪ್ಪು.

ನಾ ಇಬ್ಬರಿಗೂ ಬೇಕಾದಾವ.
ಮುಂಜಾನಿ ಇವರ ಕರಪತ್ರ, ಸಂಜಿಕ ಅವರದು,
ಒಂದ ಮೊಳಿಯಾಗ ಇಬ್ಬರ ಬೈಗಳ.
ಎರಡೂ ಕಡಿ ಕೂಲಿ, ಎರಡೂ ಕಡಿ ಮಿರ್ಚಿ ಭಜಿ.
ಚಲೋ ನಡೆದಿತ್ತು ದಂಡಿ ಮ್ಯಾಲ.

ಒಂದು ರಾತ್ರಿ ರಾಚಪ್ಪನ ಮಂದಿ ಕೀಲಿ ಒಡೆದು
ನನ್ನ ಅಕ್ಷರದ ಮನಿಗಳನ್ನ ಬೋರಲು ಹಾಕಿ ಹೋದರು.
ಳ ದೊಳಗ ಕ, ಅಲ್ಪವಿರಾಮದೊಳಗ ಓಂ,
ನೆಲದ ತುಂಬ ಸೀಸ, ಕಾಲಿಟ್ಟಲ್ಲೆ ಒಂದು ಅಕ್ಷರ ಚುಚ್ಚತಿತ್ತು.
ಮರುದಿನ ನಾ ಕೊಟ್ರಬಸಪ್ಪನ ಕಡಿ ನಿಂತೆ.
‘ಮೊಳಿ ಚೆಲ್ಲಿದರು’ ಅಂದೆ ಪಂಚರ ಮುಂದ.
ಕಣ್ಣಾಗ ನೀರೂ ಬಂದವು, ಸುಳ್ಳಲ್ಲ.

ಅಲ್ಲಿ ಹೇಳದ್ದು ಇಲ್ಲೆ ಹೇಳತೇನಿ:
ನನ್ನ ಹನ್ನೊಂದು ತಿಂಗಳ ಪಗಾರ
ಕೊಟ್ರಬಸಪ್ಪನ ಹಂತ್ಯಾಕ ಸಿಕ್ಕೊಂಡಿತ್ತು.
ಅಂವ ಸೋತರ ಅದೂ ಸೋಲತಿತ್ತು.

ಗೈಡಿನ ಉತ್ತರದಾಗ ಇದ್ದದ್ದು:
ಪ್ರಯಾಣಿಕರ ಹಡಗು ಮುಳುಗಿಸಿದರು,
ಗುಟ್ಟಿನ ತಂತಿ ಒಂದು ಬಯಲಾತು.
ಕೊಟ್ಟ ಸಾಲದ ಮಾತು ಕಡೀ ಸಾಲಿನಾಗಿತ್ತು;
ಪುಟ ಮೀರತದ ಅಂತ ಮಾಸ್ತರು
ಕೆಂಪು ಶಾಯಿಯಿಂದ ಹೊಡೆದು ಹಾಕಿದ್ದರು.

ಚೆಲ್ಲಿದ್ದು ಆರಿಸಾಕ ನಾಲ್ಕು ತಿಂಗಳ ಹಿಡೀತು.
ಧ ಒತ್ತು ಅಷ್ಟೂ ಸಿಗಲಿಲ್ಲ. ಸಿಕ್ಕವಕ್ಕ ಮುಖ ಇರಲಿಲ್ಲ.
ಆ ವರ್ಷದ ಪಂಚಾಂಗ ಯಾರ ಮನಿಯಾಗರ ಇದ್ದರ ತೆಗೀರಿ:
‘ಶುದ ಪಂಚಮಿ’ ಅಂತದ.
ಮದಿವಿ, ಮುಂಜಿವಿ, ಮನಿ ಒಕ್ಕಲು, ಎಲ್ಲಾ ಅದನ್ನ ನೋಡೇ ಮಾಡಿದರು.
ಯಾರೂ ಬಂದು ಕೇಳಲಿಲ್ಲ.