ಬೆಳ್ಳಿ ಕಾಲು

ಅಕ್ಕಸಾಲಿ ಕೇಳಿದ: ಎಡಗಾಲೋ, ಬಲಗಾಲೋ?
ಗಾಜಿನ ಪೆಟ್ಟಿಗೆಯೊಳಗೆ ಕಣ್ಣು, ಕೈ, ತೊಟ್ಟಿಲು,
ಹೊಟ್ಟೆನೋವಿನವರಿಗೆ ಒಂದು ಚಪ್ಪಟೆ ಹೊಟ್ಟೆ,
ಎಲ್ಲ ತೂಕದ ಲೆಕ್ಕದಲ್ಲಿ.
ನನ್ನ ಉಗುರುಸಂದಿಯಲ್ಲಿ ಇನ್ನೂ ಬೈತಖೋಲದ ಗ್ರೀಸು.
ಎಂಜಿನ್ ನಿಂತರೆ ಗಾಳಿ ಸಿಕ್ಕಿದೆಯೋ, ನಳಿಗೆಯಲ್ಲಿ ಕಸವೋ
ಎಂದು ಬಿಚ್ಚಿ ನೋಡುವವ ನಾನು,
ನಿಂಬೆಹಣ್ಣು ಕಟ್ಟುವ ಮಾಲಕರ ಎದುರೇ ನಕ್ಕವ.
ದೇವರಿಗೆಂದು ಏನನ್ನೂ ಕೊಂಡವನಲ್ಲ,
ಒಂದು ಊದುಬತ್ತಿ ಕೂಡ.

ಮಳೆಗಾಲಕ್ಕೆ ಬಲೆ ಮೇಲೆತ್ತುವ ಮುಂಚಿನ ವಾರ
ಬಂಗಡೆ ಬುಟ್ಟಿಯ ತಂತಿ ತರಚಿದ ಗಾಯ,
ಶೇವಂತಿ ಅತ್ತೆಯ ಹೆಬ್ಬೆರಳ ಮಗ್ಗುಲಲ್ಲಿ,
ಮೆಣಸಿನಕಾಳಿನಷ್ಟು.
ಸಕ್ಕರೆ ಕಾಯಿಲೆಯ ಕಾಲಿಗೆ ನೋವು ತಿಳಿಯುವುದಿಲ್ಲ
ಎಂದೆ. ಅವಳು
ಕೋಡಿಯಮ್ಮನ ಭಸ್ಮ ಒತ್ತಿದಳು, ಬಾಳೆಲೆ ಸುತ್ತಿದಳು,
ಬೆಳ್ಳಿ ಕಾಲು ಕೊಡ್ತೆ ತಾಯೀ ಎಂದಳು.
ಒಂದು ವಾರ. ಎರಡು ವಾರ.
ಬಲವಂತವಾಗಿ ಬೈಕಿಗೆ ಹತ್ತಿಸಿ ದವಾಖಾನೆಗೆ ಒಯ್ದಾಗ
ವಾಸನೆ ನನ್ನ ಬೆನ್ನಿಗೂ ಹತ್ತಿತ್ತು.
ಡಾಕ್ಟರು ಮಂಡಿಯ ಕೆಳಗೆ ಪೆನ್ನಿನಿಂದ ಗೆರೆ ಎಳೆದರು.

ಹೇಳಬಾರದಿತ್ತು, ಹೇಳಿದೆ:
ನಿನ್ನ ಕಾಲು ತಿಂದದ್ದು ಸಕ್ಕರೆಯಲ್ಲ, ನಿನ್ನ ದೇವಿ.
ನಂಬಿಕೆಯೆಂದರೆ ಹೆದರಿದವರು ಮುಖದ ಮೇಲೆ
ಎಳೆದುಕೊಳ್ಳುವ ಕಂಬಳಿ.
ಅತ್ತೆ ಗೋಡೆಯ ಕಡೆ ತಿರುಗಿದಳು.
ಸಿಟ್ಟಾಗಿದ್ದರೆ ಗೆದ್ದೆನೆಂದುಕೊಳ್ಳುತ್ತಿದ್ದೆ.

ಕಾಲು ತೆಗೆದ ಮೂರನೆಯ ರಾತ್ರಿ
ನಾನು ಮಂಚದ ಕೆಳಗೆ, ಚಾಪೆಯಲ್ಲಿ, ನಿದ್ದೆಯಿಲ್ಲದೆ.
ಮೇಲೆ ಅತ್ತೆ ಇಲ್ಲದ ಪಾದ ತುರಿಸುತ್ತಿದೆಯೆಂದು
ಪಕ್ಕದ ಮಂಚದ ಜೈತುನ್ಬಿಗೆ ಹೇಳಿ ನಗುತ್ತಿದ್ದಳು.
ಜೈತುನ್ಬಿಯ ಸರದಿ ನಾಳೆ. ಅವಳ ತಸ್ಬಿ
ಕೈಜಾರಿ ಎಲ್ಲೋ ಬಿದ್ದಿತ್ತು.
ಹುಡುಕಿ ಕೊಡು ಮಗಾ, ಅದಿಲ್ಲದೆ ಇವಳಿಗೆ ಬೆಳಗಾಗೂದಿಲ್ಲ.
ಮೊಬೈಲಿನ ಬೆಳಕಲ್ಲಿ ಮೊಣಕಾಲೂರಿ
ಮಂಚಗಳ ಕೆಳಗೆ ಒಂದೊಂದಾಗಿ ತಡಕಿದೆ.
ನರ್ಸು ಬಾಗಿಲಿನಿಂದ ಟಾರ್ಚು ಬಿಟ್ಟು ಕೇಳಿದಳು,
ಎಂತದು, ಇಲ್ಲೇ ನಮಾಜಾ?

ಮಾವನ ಪಾತಿ ದೋಣಿ ನೆನಪಾಯಿತು.
ಅದರ ಮಗ್ಗುಲಿಗೆ ಎರಡು ಗಳ ಚಾಚಿ ಕಟ್ಟಿದ ಉಲಂಡಿ,
ಹುಟ್ಟು ಹಾಕದ, ಮೀನು ಹೊರದ, ದಾರಿ ಗೊತ್ತಿಲ್ಲದ
ಒಂದು ದಿಮ್ಮಿ. ಸುಮ್ಮನೆ ತೇಲುತ್ತದೆ.
ಅದಿದ್ದರೆ ದೋಣಿ ನಿಧಾನ. ಬಲೆಯೂ ಸಿಕ್ಕಿಕೊಳ್ಳುತ್ತದೆ.
ನಾನು ರಿಪೇರಿ ಮಾಡುವ ಟ್ರಾಲರುಗಳಿಗೆ ಅದು ಬೇಡ,
ಅಗಲ ಹೊಟ್ಟೆಯಿದೆ ಅವಕ್ಕೆ, ನೂರು ಕುದುರೆಯ ಎಂಜಿನ್ನಿದೆ.
ಅತ್ತೆಯದು ಕಿರಿದು ದೋಣಿ. ಮಾವ ಸಮುದ್ರಕ್ಕೆ ಹೋದವ
ಬಾರದ ಮೇಲೂ ಮೂವತ್ತು ವರ್ಷ
ಮಗುಚದೆ ಬಂದಿದೆ.
ಆದರೂ ಆ ಬಾಳೆಲೆ ಬಿಚ್ಚಿದ ವಾಸನೆ ಮರೆಯಲಾರೆ.
ದೋಣಿ ಬಿಟ್ಟು ಉಲಂಡಿಯನ್ನೇ ಹತ್ತಿ ಕೂತರೆ?
ಹೀಗೆ ಆ ಕಡೆ ಈ ಕಡೆ ವಾಲುತ್ತ ಬೆಳಗಾಯಿತು,
ಜೈತುನ್ಬಿಯನ್ನು ಗಾಲಿಮಂಚದಲ್ಲಿ ಒಯ್ದರು,
ಮುಷ್ಟಿಯೊಳಗೆ ಮಣಿ.

ಮನೆಗೆ ಬಂದ ದಿನವೇ ಅತ್ತೆ ಸೆರಗಿನ ಗಂಟು ಬಿಚ್ಚಿದಳು,
ಮೀನು ವಾಸನೆಯ ನೋಟುಗಳು.
ಹರಕೆ ಬಾಕಿ ಇದೆ.
ಕಾಲೇ ಹೋಯ್ತಲ್ಲೇ ಅತ್ತೆ, ಎಂತದರ ಹರಕೆ?
ಅವಳೇನು ಮಾತು ಕೊಟ್ಟಿರಲಿಲ್ಲ ಮಗಾ.
ಕೊಟ್ಟವಳು ನಾನು.
ಹೊಸ್ತಿಲು ದಾಟುವಾಗ ಹಿಂದಿನಿಂದ ಕೂಗಿದಳು,
ಆ ಇನ್ಸುಲಿನ್ ಚೀಟಿನೂ ತಕಂಡು ಹೋಗು,
ನಿನ್ನೆಗೇ ಮುಗಿದಿದೆ.

ಅಕ್ಕಸಾಲಿ ಚಿಮಟ ಕೆಳಗಿಟ್ಟು ಮತ್ತೆ ಕೇಳಿದ.
ಹೋದದ್ದು ಎಡ. ನಿಂತದ್ದು ಬಲ.
ಹರಕೆ ಯಾವುದರದೆಂದು ಕೇಳಿಕೊಂಡು ಬಂದಿಲ್ಲ.
ಫೋನು ಹಚ್ಚಿದೆ. ರಿಂಗಾಗುತ್ತಿದೆ, ರಿಂಗಾಗುತ್ತಿದೆ.
ಒಂಟಿಗಾಲಲ್ಲಿ ಗೋಡೆ ಹಿಡಿದು
ಅವಳು ಮೇಜಿನವರೆಗೆ ಬರಬೇಕು.
ನಿಲ್ಲಿ ಮಾರಾಯ್ರೆ ಎಂದೆ ಅಕ್ಕಸಾಲಿಗೆ,
ಸ್ವಲ್ಪ ತಡವಾಗ್ತದೆ.