ಒಂದು ಕೀಲಿ ಆಚೆ

ಮುಂದಿನ ಪತ್ರಕ್ಕೆ ಜೆ, ಹಿಂದಿನದಕ್ಕೆ ಕೆ.
ಬೆರಳು ಮನೆಬಿಟ್ಟು ಅಲೆಯಬಾರದು, ಅಷ್ಟೇ ನನ್ನ ಸೂತ್ರ.
ಚೌಕ ಕಂಸ ಇರಬೇಕಾದಲ್ಲಿ
ನಮ್ಮ ಎಸ್ಟೋನಿಯದ ಕೀಲಿಮಣೆಯಲ್ಲಿ
ಎರಡು ಸ್ವರ ಕೂತಿವೆ;
ಅವಕ್ಕೂ ಕೆಲಸ ಹಚ್ಚಿದೆ.

ಪರೀಕ್ಷಿಸಲು ಹೆಲ್ವೆ ಬಂದಳು,
ದ್ವೀಪದ ಹಡಗುಕಟ್ಟೆಯ ಕಚೇರಿಯವಳು,
ದಿನಕ್ಕೆ ಇನ್ನೂರು ಪತ್ರ ಬಿಡಿಸುವವಳು,
ಎಡ ಮಣಿಕಟ್ಟಿಗೆ ಪಟ್ಟಿ.

'ಉತ್ತರಿಸು'ವಿನ ಪಕ್ಕದಲ್ಲೇ
'ಅಳಿಸು' ಇಟ್ಟಿದ್ದೆ, ಕೈಗೆ ಹತ್ತಿರವೆಂದು.
ನಕ್ಕಳು:
"ಚಳಿಗೆ ಮರಗಟ್ಟಿದ ಬೆರಳು
ಒಂದು ಕೀಲಿ ಆಚೆ ಬೀಳುತ್ತದಪ್ಪಾ.
ನವೆಂಬರಿನಲ್ಲಿ ಒಬ್ಬ, ಶವಪೆಟ್ಟಿಗೆಗೆ
ಹಡಗಿನಲ್ಲಿ ಜಾಗ ಕೇಳಿ ಬರೆದಿದ್ದ..."
ಮುಂದೆ ಹೇಳಲಿಲ್ಲ.

ಅಳಿಸಲು ಈಗ
ಎರಡೂ ಕೈ ಕೂಡಬೇಕು.
ನಿಧಾನವಂತೆ, ದೂರು ಬರುತ್ತಿವೆ ದಿನವೂ.
ಜೆ ಒತ್ತುತ್ತೇನೆ,
ಜೆ.